ರಕ್ತ ಕೊಡಿಸುವ ಮುನ್ನ

ಕೊಡುವ ವೈದ್ಯನೇ ಒಳ್ಳೆಯ ವೈದ್ಯನೆಂಬ ನಂಬಿಕೆಯು ನಮ್ಮ ಗೃಹಸ್ಥರಲ್ಲಿ ಬಹುಕಾಲದಿಂದ ಬೇರೂರಿಕೊಂಡಿದೆ. ಜ್ವರವೆಂದು ಹೋದವನಿಗೆ ಸೂಜಿಮದ್ದು ಹಾಕದಿದ್ದರೆ ಅಸಮಾಧಾನ. ನಿಶ್ಶಕ್ತಿಯೆಂದು ಹೋದವನಿಗೆ ಗ್ಲೂಕೋಸ್ ಏರಿಸದಿದ್ದರೆ ಅಸಮಾಧಾನ. ಹೀಗಿರುವಲ್ಲಿ, ರಕ್ತವು ಕಡಮೆಯಾಗಿದೆಯೆಂದು ಪರೀಕ್ಷೆಯಿಂದಲೇ ಗೊತ್ತಾದ ಮೇಲೆಯೂ ವೈದ್ಯರು ರಕ್ತವನ್ನು ಕೊಡದೆ ಸುಮ್ಮನಿದ್ದರೆ ರೋಗಿಯ ಕಡೆಯವರಿಗೆ ಕೋಪ ಬಾರದೆ ಇರುವುದುಂಟೆ? ಕಡಮೆಯಾದುದನ್ನು ತುಂಬಿಬಿಟ್ಟರೆ ಸರಿಹೋಯಿತೆಂಬುದು ಅಂಗಡಿಯ ಲೆಕ್ಕ. ಶರೀರದ ಲೆಕ್ಕವು ಬೇರೆ. ಮೂವತ್ತನಾಲ್ಕು ವರ್ಷಕಾಲ ಮಕ್ಕಳಿಗೆ ಪಾಠ ಹೇಳಿದ ನಾವು ಇದನ್ನು ನಿವೃತ್ತರಾದ ತರುವಾಯ, ನಮ್ಮ ಮಗಳ ವಯಸ್ಸಿನ ಒಬ್ಬ ವೈದ್ಯೆಯಿಂದ ಕಲಿತುಕೊಳ್ಳಬೇಕಾಯಿತು. ಕಲಿತ ಪಾಠವನ್ನು ವಾಚಕರ ಮುಂದೆ ಒಪ್ಪಿಸುವುದೇ ಈ ತಿಂಗಳ ನಮ್ಮ ಕೆಲಸ.

ಕಳೆದ ಮಾರ್ಗಶಿರಮಾಸದಲ್ಲಿ ನಮ್ಮ ತಂದೆಯವರ ಶ್ರಾದ್ಧಕ್ಕಾಗಿ ನಮ್ಮ ತಂಗಿಯು ಮನೆಗೆ ಬಂದಿದ್ದಳು. ಅವಳಿಗೆ ನಾಲ್ವತ್ತಾರು ವರ್ಷ. ಮುಂಜಾನೆ ಮಡಿಯುಟ್ಟು ಅಡುಗೆಮನೆಗೆ ಹೊಕ್ಕವಳು ಬ್ರಾಹ್ಮಣರ ಊಟ ಮುಗಿಯುವವರೆಗೂ ಕುಳಿತವಳಲ್ಲ. ಸಾಯಂಕಾಲ ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆಗಳನ್ನು ತರಲು ಹೋದವಳು ಏಳೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರುಬಿಟ್ಟು ಗೋಡೆಗೆ ಒರಗಿ ಕುಳಿತುಬಿಟ್ಟಳು. ಮುಖವು ಬಿಳುಚಿತ್ತು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಕೆಂಪೆಂಬುದೇ ಇರಲಿಲ್ಲ. "ಏನೂ ಇಲ್ಲ ಅಣ್ಣ, ಬೆಳಗಿನಿಂದ ಉಪವಾಸವಿದ್ದೆನಲ್ಲ, ಅದಕ್ಕೆ" ಎಂದಳು. ನಾವು ಕೇಳಲಿಲ್ಲ. ಆಟೋ ತರಿಸಿ ಊರಿನ ದೊಡ್ಡ ಆಸ್ಪತ್ರೆಯ ತುರ್ತುಚಿಕಿತ್ಸೆಯ ವಿಭಾಗಕ್ಕೆ ಕರೆದೊಯ್ದೆವು.

ರಕ್ತಪರೀಕ್ಷೆಯ ಫಲವು ಒಂದು ಗಂಟೆಯೊಳಗೆ ಬಂದಿತು. ಹಿಮೋಗ್ಲೋಬಿನ್ ೬.೮. ಗರ್ಭಿಣಿಯಲ್ಲದ ಸ್ತ್ರೀಯರಿಗೆ ಇದು ಡೆಸಿಲೀಟರಿಗೆ ೧೨ ಗ್ರಾಂ, ಪುರುಷರಿಗೆ ೧೩ ಗ್ರಾಂ ಆದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಅಂದಮೇಲೆ ನಮ್ಮ ತಂಗಿಯ ಮೈಯಲ್ಲಿ ಇದ್ದುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ನಮ್ಮ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ಅವಳ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಇದೇ ಬಗೆಯ ನಿಶ್ಶಕ್ತಿಗೆ ಎರಡು ಚೀಲ ರಕ್ತ ಕೊಟ್ಟು ಮರುದಿನವೇ ಮನೆಗೆ ಕಳುಹಿಸಿದ್ದರೆಂಬುದು ನಮಗೆ ನೆನಪಿತ್ತು. ಆದುದರಿಂದ ಈಗಲೂ ಅದೇ ಆಗಬೇಕೆಂದು ನಿಶ್ಚಯಿಸಿ, ವೈದ್ಯೆಯು ಬಾಯಿ ತೆರೆಯುವ ಮೊದಲೇ ನಾಲ್ವರು ಹಳೆಯ ಶಿಷ್ಯರಿಗೆ ಫೋನ್ ಮಾಡಿ, ರಕ್ತ ಕೊಡಲು ತಕ್ಷಣ ಹೊರಟು ಬರಬೇಕೆಂದು ತಿಳಿಸಿದೆವು. ಗುರುಗಳ ಮಾತೆಂದು ನಾಲ್ವರೂ ಹೊರಟೇಬಿಟ್ಟರು.

ವೈದ್ಯೆಗೆ ಮೂವತ್ತು ವರ್ಷ ಇದ್ದೀತು. ಆಕೆ ನಮ್ಮ ತಂಗಿಯ ನಾಡಿ ನೋಡಿದಳು, ರಕ್ತದೊತ್ತಡ ನೋಡಿದಳು, ಎದೆಯ ಮೇಲೆ ತಂತಿಗಳನ್ನಿಟ್ಟು ಹೃದಯದ ಚಿತ್ರ ತೆಗೆಸಿದಳು, ಹೊಟ್ಟೆಯನ್ನು ಒತ್ತಿ ನೋಡಿದಳು. ಎದ್ದು ನಿಲ್ಲಿಸಿ ಪುನಃ ನಾಡಿ ನೋಡಿದಳು. ಆ ಬಳಿಕ ನಮ್ಮ ಕಡೆ ತಿರುಗಿ, "ಸದ್ಯಕ್ಕೆ ರಕ್ತ ಬೇಡ ಮೇಷ್ಟ್ರೇ. ಹೊಂದುವ ರಕ್ತವನ್ನು ಪರೀಕ್ಷೆ ಮಾಡಿಸಿ ತೆಗೆದಿಡಿಸಿರುತ್ತೇನೆ, ಏರಿಸುವುದಿಲ್ಲ" ಎಂದಳು.

ನಮಗೆ ಬಂದ ಕೋಪವನ್ನು ಮುಚ್ಚಿಡುವುದಿಲ್ಲ. ರೋಗಿಯ ಜೀವದ ಮೇಲೆ ಜಿಪುಣತನವೆ? ರಕ್ತದ ಹಣವನ್ನು ನಾವು ಕೊಡಲಾರೆವೆಂದು ಭಾವಿಸಿದಳೆ? ಇಂತಹ ಮಾತುಗಳು ನಾಲಗೆಯ ತುದಿಗೆ ಬಂದವು. ಒಂದೆರಡು ಹೊರಗೂ ಬಿದ್ದವು. ಆಕೆ ಎದುರುತ್ತರ ಕೊಡಲಿಲ್ಲ. "ತಾವು ಹತ್ತು ನಿಮಿಷ ಹೊರಗೆ ಕುಳಿತಿರಬೇಕು. ನಾನು ಅಮ್ಮನವರ ಹತ್ತಿರ ಒಂದಿಷ್ಟು ಮಾತಾಡಬೇಕು" ಎಂದಳು. ತಂಗಿಯ ಹತ್ತಿರ ಅಣ್ಣನಿಗೆ ತಿಳಿಯದ ಮಾತೇನು ಎಂದು ಗೊಣಗಿಕೊಂಡು ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು.

ಆ ಹತ್ತು ನಿಮಿಷದಲ್ಲಿ ಹೊರಬಿದ್ದ ಸಂಗತಿಯು ಎರಡು ವರ್ಷದಿಂದಲೂ ಹೊರಬಿದ್ದಿರಲಿಲ್ಲ. ನಮ್ಮ ತಂಗಿಗೆ ಸ್ತ್ರೀಸಹಜವಾದ ಮಾಸಿಕ ಸ್ರಾವವು ಮಿತಿಮೀರಿ ಹೋಗುತ್ತಿದ್ದು, ತಿಂಗಳಿಗೆ ಎಂಟು ಹತ್ತು ದಿನ ನಿಲ್ಲುತ್ತಲೇ ಇರಲಿಲ್ಲ. ಈ ವಯಸ್ಸಿನಲ್ಲಿ ಹೀಗೆಯೇ ಇರುವುದೆಂದು ನೆರೆಮನೆಯವರು ಹೇಳಿದ್ದನ್ನು ನಂಬಿ ಅವಳು ಯಾರಿಗೂ ಹೇಳಿರಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಯಾರೂ ಕೇಳಿರಲೂ ಇಲ್ಲ. ಅಲ್ಲಿ ಕೊಟ್ಟ ಎರಡು ಚೀಲ ರಕ್ತದಿಂದ ಮುಖಕ್ಕೆ ಒಂದೆರಡು ತಿಂಗಳು ಕಳೆ ಬಂದಿತು. ಕಳೆ ಬಂದುದರಿಂದ ಕಾರಣವನ್ನು ಹುಡುಕುವವರಿಲ್ಲವಾಯಿತು. ತೂತುಬಿದ್ದ ಕೊಡಕ್ಕೆ ನೀರು ತುಂಬಿ, ತುಂಬಿತೆಂದು ಸಂತೋಷಪಟ್ಟಂತಾಯಿತು ನಮ್ಮ ಕಥೆ. ಆ ರಾತ್ರಿ ನಮ್ಮ ಹಟವೇ ನಡೆದು ಇನ್ನೆರಡು ಚೀಲ ಏರಿಸಿ ಮನೆಗೆ ಕಳುಹಿಸಿದ್ದರೆ, ಪುನಃ ಅದೇ ಆಗುತ್ತಿತ್ತೆಂಬುದರಲ್ಲಿ ನಮಗೆ ಈಗ ಸಂದೇಹವಿಲ್ಲ.

ಆದರೆ ಅಷ್ಟರಿಂದ ನಮ್ಮ ಭಯ ಹೋಗಲಿಲ್ಲ. ಕಾರಣ ತಿಳಿದದ್ದು ಒಳ್ಳೆಯದೇ ಆಯಿತು, ಆದರೂ ೬.೮ ಎಂಬುದು ೬.೮ ಅಲ್ಲವೆ? ವೈದ್ಯೆಯು ಬಿಡುವು ಮಾಡಿಕೊಂಡು ಬಂದು ನಮ್ಮ ಪಕ್ಕದಲ್ಲಿಯೇ ಕುಳಿತು ವಿವರಿಸಿದಳು. ಆಮೇಲೆ ನಾವಾಗಿ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಸಂಖ್ಯೆಯು ರೋಗಿಯಲ್ಲ. ಹಿಮೋಗ್ಲೋಬಿನ್ ಎಂಬುದು ರಕ್ತವು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಹೇಳುವುದೇ ಹೊರತು, ಮೈಯಲ್ಲಿ ಎಷ್ಟು ರಕ್ತವಿದೆ ಎಂಬುದನ್ನಲ್ಲ. ಗಡಿಗೆಯಲ್ಲಿರುವ ಮಜ್ಜಿಗೆಯಲ್ಲಿ ಅರ್ಧವು ಚೆಲ್ಲಿಹೋದರೂ ಉಳಿದ ಮಜ್ಜಿಗೆಯು ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ. ನೀರು ಬೆರೆಸಿದ ಮೇಲಲ್ಲವೆ ಅದು ತೆಳ್ಳಗಾಗುವುದು? ಹಾಗೆಯೇ, ಈಗತಾನೆ ಅಪಘಾತದಲ್ಲಿ ಸಿಕ್ಕಿ ರಕ್ತ ಸುರಿಸಿಕೊಂಡು ಬಂದವನ ಪರೀಕ್ಷೆಯಲ್ಲಿ ಸಂಖ್ಯೆಯು ೧೩ ಎಂದು ಬರಬಹುದು. ಆದರೂ ಅವನು ಸಾವಿನ ಬಾಗಿಲಲ್ಲಿರಬಹುದು. ಇದಕ್ಕೆ ತದ್ವಿರುದ್ಧವಾಗಿ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ರಕ್ತವನ್ನು ಕಳೆದುಕೊಂಡವರಲ್ಲಿ ಶರೀರವು ನೀರಿನ ಭಾಗವನ್ನು ತಾನೇ ತುಂಬಿಕೊಂಡಿರುತ್ತದೆ. ಹೃದಯವು ತುಸು ಹೆಚ್ಚು ದುಡಿಯುವುದನ್ನು ಕಲಿತಿರುತ್ತದೆ. ರಕ್ತಕಣಗಳು ತಾವು ಹೊತ್ತ ಪ್ರಾಣವಾಯುವನ್ನು ಅಂಗಾಂಗಗಳಿಗೆ ಹೆಚ್ಚು ಸುಲಭವಾಗಿ ಬಿಟ್ಟುಕೊಡುವಂತೆ ಮಾರ್ಪಟ್ಟಿರುತ್ತವೆ. ಇಂತಹವರಲ್ಲಿ ಗಟ್ಟಿತನ ಮಾತ್ರ ಕಡಮೆ. ರಕ್ತದ ಪ್ರಮಾಣವು ಕಡಮೆಯಲ್ಲ. ತುಂಬಿದ ಕೆರೆಗೆ ಮತ್ತೆ ನೀರು ಹಾಯಿಸಿದರೆ ಏರಿಗೆ ಅಪಾಯವಾಗುವಂತೆ, ಇವರಿಗೆ ಅವಸರದಿಂದ ರಕ್ತ ಏರಿಸಿದರೆ ಶ್ವಾಸಕೋಶಗಳಲ್ಲಿ ನೀರು ನಿಂತು ಉಸಿರು ಕಟ್ಟಬಹುದು. ವೃದ್ಧರಿಗೂ, ಹೃದಯ ದುರ್ಬಲವಾದವರಿಗೂ, ಮೂತ್ರಪಿಂಡ ಕೆಟ್ಟವರಿಗೂ ಈ ಅಪಾಯ ವಿಶೇಷ.

ಎರಡನೆಯದಾಗಿ, ಪರರ ರಕ್ತವು ಟಾನಿಕ್ಕಿನ ಸೀಸೆಯಲ್ಲ. ಅದು ಪರರ ಅಂಗವೇ. ಮನುಷ್ಯನು ಇದನ್ನು ಬಹಳ ಪೆಟ್ಟು ತಿಂದು ಕಲಿತನು. ೧೬೬೭ರಲ್ಲಿ ಫ್ರಾನ್ಸಿನ ಜ್ಯಾಂ ಬಾಪ್ಟಿಸ್ಟ್ ಡೆನಿಸ್ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಒಬ್ಬ ಹುಡುಗನಿಗೆ ಏರಿಸಿದನು. ಆ ಹುಡುಗನು ಬದುಕಿಕೊಂಡನಾದರೂ ಅನಂತರ ಒಬ್ಬ ರೋಗಿಯು ಸತ್ತು, ವ್ಯಾಜ್ಯವಾಗಿ, ಆ ಚಿಕಿತ್ಸೆಯೇ ನಿಂತುಹೋಯಿತು. ನೂರೈವತ್ತು ವರ್ಷದ ಮೇಲೆ, ೧೮೧೮ರಲ್ಲಿ, ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಎಂಬಾತನು ಮನುಷ್ಯನ ರಕ್ತವನ್ನೇ ಮನುಷ್ಯನಿಗೆ ಕೊಟ್ಟನು. ಹೆರಿಗೆಯಾದೊಡನೆ ರಕ್ತಸ್ರಾವದಿಂದ ಸಾಯುತ್ತಿದ್ದ ತಾಯಂದಿರನ್ನು ಕಂಡು ಮರುಗಿ ಆತನು ಈ ಕಾರ್ಯಕ್ಕೆ ಕೈಹಾಕಿದ್ದನು. ಕೆಲವರು ಬದುಕಿದರು, ಕೆಲವರು ಸತ್ತರು, ಏಕೆಂಬುದು ತಿಳಿಯಲಿಲ್ಲ. ೧೯೦೧ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದಲ್ಲಿ ಗುಂಪುಗಳಿರುವುದನ್ನು ಪ್ರಕಟಿಸಿದ ಮೇಲೆಯೇ ಆ ರಹಸ್ಯವು ಒಡೆಯಿತು. ಆತನಿಗೆ ೧೯೩೦ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆತನು ಹುಟ್ಟಿದ ಜೂನ್ ೧೪ನೆಯ ದಿನವೇ ಈಗ ವಿಶ್ವ ರಕ್ತದಾನಿಗಳ ದಿನವಾಗಿದೆ.

ಗುಂಪು ಹೊಂದಿದರೂ ಎಲ್ಲವೂ ಹೊಂದಿದಂತಲ್ಲ. ಚಳಿಜ್ವರ ಬರುವುದು, ಮೈಮೇಲೆ ದದ್ದು ಏಳುವುದು ಸಾಮಾನ್ಯ. ಹೆಸರು ಬರೆಯುವುದರಲ್ಲಿ ತಪ್ಪಾಗಿ ಒಬ್ಬರ ಚೀಲವು ಇನ್ನೊಬ್ಬರಿಗೆ ಹೋದರೆ ಪ್ರಾಣವೇ ಹೋಗಬಹುದು. ಪರೀಕ್ಷೆಗಳಿದ್ದರೂ ಸೋಂಕು ತಗಲುವ ಭಯವು ಪೂರ್ಣವಾಗಿ ಇಲ್ಲವೆನ್ನುವಂತಿಲ್ಲ. ಮುಂದೆ ತಾಯಿಯಾಗಬೇಕಾದ ಹೆಣ್ಣುಮಕ್ಕಳಲ್ಲಿ, ಪರರ ರಕ್ತಕ್ಕೆ ಎದುರಾಗಿ ಮೈಯಲ್ಲಿ ಹುಟ್ಟುವ ಪ್ರತಿದ್ರವ್ಯಗಳು ಗರ್ಭದ ಶಿಶುವಿಗೆ ತೊಂದರೆ ಕೊಡುವುದೂ ಉಂಟು. ಇವೆಲ್ಲ ವಿರಳವೇ, ಅವಶ್ಯವಿದ್ದಾಗ ಇವುಗಳಿಗೆ ಹೆದರಿ ರಕ್ತವನ್ನು ಬಿಡಕೂಡದು. ಆದರೆ ಅವಶ್ಯವಿಲ್ಲದಾಗ ವಿರಳವಾದ ಅಪಾಯವನ್ನಾದರೂ ಏಕೆ ಹೊರಬೇಕು?

ಹಾಗಾದರೆ ಅವಶ್ಯವೆಂಬುದನ್ನು ಗೊತ್ತುಮಾಡುವುದು ಹೇಗೆ? ೧೯೪೨ರಲ್ಲಿ ಅಮೆರಿಕದ ಆಡಮ್ಸ್ ಮತ್ತು ಲಂಡಿ ಎಂಬ ಇಬ್ಬರು ವೈದ್ಯರು, ಶಸ್ತ್ರಚಿಕಿತ್ಸೆಗೆ ಮೊದಲು ಹಿಮೋಗ್ಲೋಬಿನ್ ೧೦ಕ್ಕಿಂತ ಕಡಮೆಯಿದ್ದರೆ ರಕ್ತ ಕೊಡುವುದು ಲೇಸೆಂದು ಸೂಚಿಸಿದರು. ಅದು ಇಬ್ಬರು ಅನುಭವಿಗಳ ಸಲಹೆಯಷ್ಟೇ ಆಗಿದ್ದರೂ, ಬಾಯಿಂದ ಬಾಯಿಗೆ ಹೋಗಿ ಶಾಸ್ತ್ರವಾಗಿ, ಸುಮಾರು ಅರ್ಧ ಶತಮಾನದವರೆಗೆ ಲೋಕದ ಆಸ್ಪತ್ರೆಗಳನ್ನೆಲ್ಲ ಆಳಿತು. ಹಿಂದಿನವರು ಹೇಳಿದ್ದೆಂಬ ಒಂದೇ ಕಾರಣಕ್ಕೆ ಪರೀಕ್ಷಿಸದೆ ಒಪ್ಪುವ ಅಭ್ಯಾಸವು ಸಂಸ್ಕೃತ ಪಂಡಿತರಿಗೆ ಮಾತ್ರ ಮೀಸಲಾದುದಲ್ಲವೆಂದು ಇದನ್ನು ಓದಿದಾಗ ನಮಗೆ ಒಳಗೊಳಗೇ ಸಮಾಧಾನವಾಯಿತು.

ಆ ಶಾಸ್ತ್ರವನ್ನು ಒರೆಗೆ ಹಚ್ಚಿದವರು ಕೆನಡಾ ದೇಶದವರು. ತೀವ್ರ ನಿಗಾ ಘಟಕಗಳಲ್ಲಿದ್ದ ೮೩೮ ರೋಗಿಗಳನ್ನು, ಚೀಟಿ ಎತ್ತಿದಂತೆ ಎರಡು ಪಂಗಡಗಳನ್ನಾಗಿ ಮಾಡಿ, ಒಂದು ಪಂಗಡಕ್ಕೆ ಹಿಮೋಗ್ಲೋಬಿನ್ ೧೦ಕ್ಕಿಂತ ಕೆಳಗಿಳಿದಾಗಲೂ, ಮತ್ತೊಂದಕ್ಕೆ ೭ಕ್ಕಿಂತ ಕೆಳಗಿಳಿದಾಗ ಮಾತ್ರವೂ ರಕ್ತ ಕೊಟ್ಟರು. ೧೯೯೯ರಲ್ಲಿ ಫಲವು ಪ್ರಕಟವಾಯಿತು. ಮೂವತ್ತು ದಿನಗಳೊಳಗೆ ಸತ್ತವರು ಧಾರಾಳವಾಗಿ ರಕ್ತ ಪಡೆದವರಲ್ಲಿ ನೂರಕ್ಕೆ ೨೩.೩, ಕಡಮೆ ಪಡೆದವರಲ್ಲಿ ೧೮.೭. ಈ ವ್ಯತ್ಯಾಸವು ಆಕಸ್ಮಿಕವೂ ಆಗಿರಬಹುದೆಂದು ಗಣಿತಜ್ಞರು ಹೇಳಿದರು. ಆದರೆ ಧಾರಾಳತನದಿಂದ ಲಾಭವಿಲ್ಲವೆಂಬುದಂತೂ ಸಿದ್ಧವಾಯಿತು. ೨೦೧೩ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಿಂದ ಇನ್ನೊಂದು ಫಲ ಬಂದಿತು. ಇದು ಜಠರದಲ್ಲಿ ಹುಣ್ಣು ಮೊದಲಾದುವುಗಳಿಂದ ರಕ್ತ ಕಾರಿಕೊಂಡು ತುರ್ತಾಗಿ ಬಂದ ೯೨೧ ರೋಗಿಗಳ ವಿಷಯ. ಇವರಲ್ಲಿಯೂ ೭ರವರೆಗೆ ಕಾದವರಲ್ಲಿ ಆರು ವಾರದ ಮೇಲೆ ನೂರಕ್ಕೆ ೯೫ ಜನ ಬದುಕಿದ್ದರು. ೯ಕ್ಕೇ ರಕ್ತ ಕೊಟ್ಟವರಲ್ಲಿ ೯೧. ಕಾದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ರಕ್ತವೇ ಬೇಕಾಗಲಿಲ್ಲ. ರಕ್ತವು ಧಾರೆಯಾಗಿ ಹರಿದು ಪ್ರಾಣಾಪಾಯದಲ್ಲಿದ್ದವರನ್ನು ಮಾತ್ರ ಈ ಪರೀಕ್ಷೆಗೆ ಸೇರಿಸಿರಲಿಲ್ಲವೆಂಬುದನ್ನು ವಾಚಕರು ಮರೆಯಬಾರದು.

ಆಫ್ರಿಕಾದ ಯುಗಾಂಡಾ ಮತ್ತು ಮಲಾವಿ ದೇಶಗಳಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯು ಇನ್ನೂ ಆಶ್ಚರ್ಯಕರ. ಅಲ್ಲಿ ಹಿಮೋಗ್ಲೋಬಿನ್ ೪ರಿಂದ ೬ರವರೆಗೆ ಇಳಿದಿದ್ದರೂ ಉಸಿರಿನ ಕಷ್ಟವಾಗಲಿ ಪ್ರಜ್ಞೆಯ ಮಾಂದ್ಯವಾಗಲಿ ಇಲ್ಲದ ೧೫೬೫ ಮಕ್ಕಳಲ್ಲಿ ಕೆಲವರಿಗೆ ಒಡನೆಯೇ ರಕ್ತ ಕೊಟ್ಟರು. ಉಳಿದವರನ್ನು ಆಸ್ಪತ್ರೆಯಲ್ಲಿಯೇ ಕಣ್ಣಿಟ್ಟು ನೋಡಿಕೊಂಡು, ಲಕ್ಷಣ ಕೆಟ್ಟರೆ ಅಥವಾ ೪ಕ್ಕಿಂತ ಕೆಳಗಿಳಿದರೆ ಮಾತ್ರ ಕೊಟ್ಟರು. ಇಪ್ಪತ್ತೆಂಟು ದಿನಗಳ ಮೇಲೆ ನೋಡಿದಾಗ ಎರಡು ಪಂಗಡಗಳ ಮರಣಸಂಖ್ಯೆಯಲ್ಲಿ ನಿಶ್ಚಿತವಾದ ಭೇದ ಕಾಣಲಿಲ್ಲ. ಕಾದವರಲ್ಲಿಯೂ ಅರ್ಧದಷ್ಟು ಮಕ್ಕಳಿಗೆ ಮುಂದೆ ರಕ್ತ ಬೇಕಾಯಿತೆಂಬುದನ್ನೂ ಹೇಳಬೇಕು. ಆದಕಾರಣ ಕಾಯುವುದೆಂದರೆ ಮನೆಗೆ ಕರೆದುಕೊಂಡು ಹೋಗುವುದೆಂದು ಯಾರೂ ತಿಳಿಯಕೂಡದು. ಬಳಿಯಲ್ಲಿ ಕುಳಿತು ಗಳಿಗೆಗಳಿಗೆಗೆ ನೋಡುವುದು ಸಹ ಒಂದು ಚಿಕಿತ್ಸೆಯೇ.

ಇವೆಲ್ಲವನ್ನೂ ನೋಡಿಯೇ, ರಕ್ತಸ್ರಾವವು ಹರಿಯುತ್ತಿರದೆ ನಾಡಿ ರಕ್ತದೊತ್ತಡಗಳು ಸ್ಥಿರವಾಗಿರುವ ವಯಸ್ಕ ರೋಗಿಗೆ ೭ಕ್ಕಿಂತ ಕೆಳಗಿಳಿದಾಗ ರಕ್ತ ಕೊಡುವ ಆಲೋಚನೆ ಮಾಡಬೇಕೆಂದೂ, ಮೊದಲಿನಿಂದ ಹೃದ್ರೋಗವಿರುವವರಿಗೂ ಮೂಳೆಯ ಶಸ್ತ್ರಚಿಕಿತ್ಸೆಯಾದವರಿಗೂ ೮ನ್ನು ಗಡಿಯಾಗಿ ಇಟ್ಟುಕೊಳ್ಳಬಹುದೆಂದೂ ೨೦೨೩ರ ಅಂತಾರಾಷ್ಟ್ರೀಯ ನಿಯಮಗಳು ಹೇಳುತ್ತವೆ. ನಾವು ಇದನ್ನು ಕೇಳಿ, "ಹಾಗಾದರೆ ೬.೮ ಗಡಿಯ ಕೆಳಗಲ್ಲವೆ?" ಎಂದು ವೈದ್ಯೆಯನ್ನು ಹಿಡಿದೆವು. ಆಕೆ ನಕ್ಕು, "ಏಳೆಂಬುದು ಲಕ್ಷ್ಮಣರೇಖೆಯಲ್ಲ ಮೇಷ್ಟ್ರೇ. ಅಲ್ಲಿಗೆ ಬಂದಾಗ ನಿಂತು ಯೋಚನೆ ಮಾಡಿ ಎಂದು ಹಾಕಿದ ಗುರುತು ಅದು. ಅಮ್ಮನವರಿಗೆ ಎದೆನೋವಿಲ್ಲ, ಸುಮ್ಮನೆ ಕುಳಿತಾಗ ಏದುಸಿರಿಲ್ಲ, ನಾಡಿ ತೊಂಬತ್ತೆರಡು, ಎದ್ದು ನಿಂತರೆ ತಲೆ ಸುತ್ತಲಿಲ್ಲ, ಹೃದಯದ ಚಿತ್ರ ಸರಿಯಾಗಿದೆ, ಈ ಹೊತ್ತು ಸ್ರಾವವೂ ಇಲ್ಲ. ಇವರಿಗೆ ಬೇಕಾದದ್ದು ಕಬ್ಬಿಣ. ಅದನ್ನು ಈ ರಾತ್ರಿಯೇ ಕೊಡುತ್ತೇನೆ. ಬೆಳಿಗ್ಗೆ ಪುನಃ ಪರೀಕ್ಷೆ ಮಾಡೋಣ. ನಡುವೆ ಏನಾದರೂ ಹೆಚ್ಚುಕಡಮೆಯಾದರೆ ರಕ್ತವು ಸಿದ್ಧವಾಗಿದೆ, ಹತ್ತು ನಿಮಿಷವೂ ತಡಮಾಡುವುದಿಲ್ಲ" ಎಂದಳು.

ಸಂಸ್ಕೃತದಲ್ಲಿ ರಕ್ತಕ್ಕೆ ಲೋಹಿತವೆಂದು ಒಂದು ಹೆಸರು. ಲೋಹವೆಂಬ ಶಬ್ದವೂ ಲೋಹಿತವೆಂಬ ಶಬ್ದವೂ ಕೆಂಪೆಂಬ ಅರ್ಥವುಳ್ಳ ಒಂದೇ ಮೂಲಕ್ಕೆ ಸೇರಿದವುಗಳು. ಚರಕಸಂಹಿತೆಯಲ್ಲಿ ಪಾಂಡುರೋಗಕ್ಕೆ ಮೀಸಲಾದ ಅಧ್ಯಾಯದಲ್ಲಿ ಕಬ್ಬಿಣದ ಚೂರ್ಣ ಸೇರಿದ ಔಷಧಗಳನ್ನು ಹೇಳಿದೆ. ತರಗತಿಯಲ್ಲಿ ಈ ವಿಷಯವನ್ನು ಅಭಿಮಾನದಿಂದ ಹೇಳುತ್ತಿದ್ದ ನಮಗೆ, ಸ್ವಂತ ತಂಗಿಯು ಪಾಂಡುವರ್ಣಳಾಗಿ ಮಲಗಿರುವಾಗ ಕಬ್ಬಿಣದ ನೆನಪೇ ಆಗಲಿಲ್ಲ. ಒಂದು ಚೀಲ ರಕ್ತವು ಸಾಮಾನ್ಯವಾಗಿ ಹಿಮೋಗ್ಲೋಬಿನ್ನನ್ನು ಒಂದು ಗ್ರಾಮಿನಷ್ಟು ಮೇಲಕ್ಕೆ ತರುತ್ತದೆ. ಅದರಲ್ಲಿರುವ ಕಬ್ಬಿಣವು ೨೦೦ರಿಂದ ೨೫೦ ಮಿಲಿಗ್ರಾಂ. ಬರಿದಾದ ದೇಹದ ಕಣಜವನ್ನು ತುಂಬಲು ಅನೇಕರಿಗೆ ೧೦೦೦ ಮಿಲಿಗ್ರಾಂ ಅಥವಾ ಅದಕ್ಕೂ ಮೇಲ್ಪಟ್ಟು ಬೇಕಾಗುತ್ತದೆ. ಈಚಿನ ಕೆಲವು ಔಷಧಗಳಿಂದ ಅಷ್ಟನ್ನೂ ರಕ್ತನಾಳದ ಮೂಲಕ ಒಂದೇ ದಿನದಲ್ಲಿ ಕೊಡಬಹುದು. ರಕ್ತವು ಒಡನೆಯೇ ಕೆಲಸ ಮಾಡುವುದು, ಕಬ್ಬಿಣವು ವಾರಗಳ ಮೇಲೆ. ಆದರೆ ಕಾಯಲು ಕಾಲಾವಕಾಶವಿರುವ ರೋಗಿಗೆ ಕಬ್ಬಿಣವೇ ಉಳಿಯುವ ಸಂಪತ್ತು.

ಈ ಲೇಖನವನ್ನು ಓದಿ ಯಾರಾದರೂ, ರಕ್ತವನ್ನೇ ಕೊಡಿಸಬಾರದೆಂದು ಹಟ ಹಿಡಿದರೆ ನಾವು ಮಾಡಿದ ತಪ್ಪಿಗಿಂತ ದೊಡ್ಡ ತಪ್ಪಾಗುವುದು. ರಕ್ತವು ಹರಿಯುತ್ತಿದ್ದು ಮೈ ತಣ್ಣಗಾಗಿ ಬೆವರಿ ನಾಡಿಯು ಓಡುತ್ತಿದ್ದರೆ, ಹೆರಿಗೆಯಾದವಳಿಗೆ ಸ್ರಾವ ನಿಲ್ಲದಿದ್ದರೆ, ಕುಳಿತಲ್ಲಿಯೇ ಉಸಿರು ಸಾಲದಿದ್ದರೆ, ಎದೆ ನೋಯುತ್ತಿದ್ದರೆ, ಪ್ರಜ್ಞೆ ಮಸುಕಾದರೆ, ಅಲ್ಲಿ ಸಂಖ್ಯೆಗಾಗಿ ಕಾಯುವುದೂ ಅಪರಾಧವೇ. ಹೃದಯಾಘಾತವಾದವರ ವಿಷಯದಲ್ಲಿ ೨೦೨೩ರಲ್ಲಿ ೩೫೦೪ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಬಂದಿದೆ. ೭ ಅಥವಾ ೮ರವರೆಗೆ ಕಾದವರಲ್ಲಿ ನೂರಕ್ಕೆ ೧೬.೯ ಜನರಿಗೂ, ೧೦ರ ಮೇಲೆ ಇರಿಸಿದವರಲ್ಲಿ ೧೪.೫ ಜನರಿಗೂ ಮರಣವೋ ಇನ್ನೊಂದು ಆಘಾತವೋ ಉಂಟಾಯಿತು. ಇದು ಕೊನೆಯ ತೀರ್ಪಲ್ಲವಾದರೂ, ಆಘಾತಗೊಂಡ ಹೃದಯಕ್ಕೆ ಧಾರಾಳತನವೇ ಮೇಲೆಂಬ ಕಡೆಗೆ ಕೈತೋರಿಸುತ್ತದೆ. ಥಲಸ್ಸೀಮಿಯಾ ಮೊದಲಾದ ಹುಟ್ಟುರೋಗವುಳ್ಳ ಮಕ್ಕಳಿಗೆ ನಿಯತವಾಗಿ ರಕ್ತ ಕೊಡಿಸಬೇಕಾದುದು ಬೇರೆಯೇ ಒಂದು ಪ್ರಕರಣ.

ಹಾಗಾದರೆ ತುರ್ತುಚಿಕಿತ್ಸೆಯ ಬಾಗಿಲಲ್ಲಿ ನಿಂತ ಗೃಹಸ್ಥನು ಮಾಡಬೇಕಾದುದೇನು? ನಿರ್ಣಯವು ವೈದ್ಯರದು, ಪ್ರಶ್ನೆಗಳು ನಮ್ಮವು. ಈಗ ರಕ್ತ ಹೋಗುತ್ತಿದೆಯೆ, ಇಲ್ಲವೆ? ಹಿಮೋಗ್ಲೋಬಿನ್ ಇಳಿದುದು ದಿನಗಳಲ್ಲಿಯೋ, ತಿಂಗಳುಗಳಲ್ಲಿಯೋ? ಹೃದಯದ ಸ್ಥಿತಿ ಹೇಗಿದೆ? ಕಾರಣವೇನು, ಅದನ್ನು ಹುಡುಕುವ ಬಗೆ ಯಾವುದು? ರಕ್ತದ ಬದಲು ಕಬ್ಬಿಣ, ಬಿ-೧೨, ಫೋಲಿಕ್ ಆಮ್ಲಗಳಿಂದ ಸಾಗುವುದೆ? ಕೊಡುವುದೇ ಆದರೆ ಒಂದು ಚೀಲ ಕೊಟ್ಟು ಪುನಃ ನೋಡಿ ಎರಡನೆಯದನ್ನು ನಿಶ್ಚಯಿಸಬಹುದೆ? ಇವುಗಳನ್ನು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಸಂತೋಷದಿಂದಲೇ ಉತ್ತರಿಸುವರು. ಮುಖ್ಯವಾಗಿ, ರೋಗಿಯು ತಿನ್ನುವ ನೋವಿನ ಮಾತ್ರೆಗಳು, ಮಲವು ಕಪ್ಪಾಗಿ ಟಾರಿನಂತೆ ಹೋಗುತ್ತಿದ್ದರೆ ಆ ಸಂಗತಿ, ಸ್ತ್ರೀಯರ ಸ್ರಾವದ ಲೆಕ್ಕ, ಇವುಗಳನ್ನು ಮುಚ್ಚಿಡದೆ ಹೇಳಬೇಕು. ವಯಸ್ಸಾದವರಲ್ಲಿ ಕಬ್ಬಿಣ ಕಡಮೆಯಾಗಿದ್ದರೆ ಕರುಳಿನೊಳಗಿನ ಹುಣ್ಣೋ ಗಂಟೋ ಅರ್ಬುದವೋ ಗುಪ್ತವಾಗಿ ರಕ್ತ ಹರಿಸುತ್ತಿರಬಹುದು. ರಕ್ತ ಕೊಡಿಸಿ ಸುಮ್ಮನಾದರೆ ಅದು ಬೆಳೆಯಲು ಬಿಟ್ಟಂತೆಯೇ.

ಮಾತ್ರೆಯ ಕಬ್ಬಿಣವನ್ನು ಬರೆದುಕೊಟ್ಟರೆ ಅದನ್ನು ಕಾಫಿಯ ಜತೆಗೆ ನುಂಗುವುದು ನಮ್ಮ ಮನೆಗಳ ಪದ್ಧತಿ. ಕಾಫಿಯೂ ಚಹವೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದೆರಡು ಗಂಟೆಯ ಅಂತರವಿರಬೇಕು. ನಿಂಬೆಯ ರಸವೋ ನೆಲ್ಲಿಕಾಯಿಯೋ ಜತೆಗಿದ್ದರೆ ಒಳ್ಳೆಯದು. ಮಾತ್ರೆಯಿಂದ ಮಲವು ಕಪ್ಪಾಗುವುದು ಸಹಜ, ಭಯ ಬೇಡ. ಮಾತ್ರೆ ತೆಗೆದುಕೊಳ್ಳುವ ಮೊದಲೇ ಕಪ್ಪಾಗಿದ್ದರೆ ಆಗ ಭಯಪಡಬೇಕು. ಮುಖಕ್ಕೆ ಕಳೆ ಬಂದಿತೆಂದು ನಿಲ್ಲಿಸಕೂಡದು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಕಣಜ ತುಂಬುವುದು.

ಆ ರಾತ್ರಿ ಬಂದ ನಾಲ್ವರು ಶಿಷ್ಯರ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಹಿಂದೆ ಹಣಕ್ಕಾಗಿ ರಕ್ತ ಮಾರುವವರು ನಮ್ಮ ದೇಶದಲ್ಲಿ ಬಹಳವಿದ್ದರು. ೧೯೯೬ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೧೯೯೮ರ ಜನವರಿ ೧ರಿಂದ ಅದು ನಿಷಿದ್ಧವಾಯಿತು. ಈಗ ಪ್ರತಿಯೊಂದು ಚೀಲವೂ ಯಾರೋ ಒಬ್ಬರ ದಾನ. ಕೆಂಪುಕಣಗಳನ್ನು ತಂಪಿನಲ್ಲಿಟ್ಟರೂ ೩೫ ಅಥವಾ ಹೆಚ್ಚೆಂದರೆ ೪೨ ದಿನಗಳಿಗಿಂತ ಮೀರಿ ಇಡಲಾಗುವುದಿಲ್ಲ. ಬಂದವರು ಬರಿಗೈಯಲ್ಲಿ ಹೋಗುವುದೇಕೆಂದು ಮರುದಿನ ಬೆಳಿಗ್ಗೆ ನಾಲ್ವರೂ ರಕ್ತನಿಧಿಗೆ ಹೋದರು. ಮೂವರ ರಕ್ತ ತೆಗೆದುಕೊಂಡರು. ನಾಲ್ಕನೆಯವನ ಹಿಮೋಗ್ಲೋಬಿನ್ ೧೧.೪ ಇತ್ತು, ೧೨.೫ ಇಲ್ಲದವರಿಂದ ತೆಗೆದುಕೊಳ್ಳುವಂತಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಅವನು ಮೊದಲು ನಾಚಿಕೊಂಡನು. ಆಮೇಲೆ ವೈದ್ಯರ ಬಳಿಗೆ ಹೋದನು. ಅವನ ಹೊಟ್ಟೆಯ ಹುಣ್ಣಿಗೆ ಈಗ ಚಿಕಿತ್ಸೆ ನಡೆಯುತ್ತಿದೆ.

ನಮ್ಮ ತಂಗಿಯ ಹಿಮೋಗ್ಲೋಬಿನ್ ಮರುದಿನ ಬೆಳಿಗ್ಗೆ ೬.೭ ಇತ್ತು. ನಾವು ವೈದ್ಯೆಯ ಮುಖ ನೋಡಿದೆವು. ಆಕೆ ರೋಗಿಯ ಮುಖ ನೋಡಿದಳು. ತಂಗಿಯು ಎರಡು ಇಡ್ಲಿ ತಿಂದು, ಮೂರನೆಯದಕ್ಕೆ ಚಟ್ನಿ ಸಾಲದೆಂದು ಆಕ್ಷೇಪಿಸುತ್ತಿದ್ದಳು. ರಕ್ತ ಕೊಡಲಿಲ್ಲ. ತೆಗೆದಿರಿಸಿದ್ದ ಚೀಲವು ರಕ್ತನಿಧಿಗೆ ಹಿಂದಿರುಗಿತು. ಸ್ಕ್ಯಾನಿನಲ್ಲಿ ಗರ್ಭಕೋಶದ ಗಂಟುಗಳು ಕಂಡುಬಂದವು. ಸ್ರಾವವನ್ನು ತಡೆಯುವ ಔಷಧಗಳಿಂದಲೂ ಕಬ್ಬಿಣದಿಂದಲೂ ಐದು ವಾರಕ್ಕೆ ೯.೪, ಮೂರು ತಿಂಗಳಿಗೆ ೧೧.೮ ಆಯಿತು. ಆ ಮೇಲೆ ಶಸ್ತ್ರಚಿಕಿತ್ಸೆಯು ರಕ್ತದ ಅವಶ್ಯಕತೆಯೇ ಇಲ್ಲದೆ ಮುಗಿಯಿತು.

೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹದಿನೈದರಿಂದ ನಾಲ್ವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಜನರಿಗೆ ರಕ್ತಹೀನತೆಯಿದೆ. ಎಂದರೆ ಈ ಪತ್ರಿಕೆಯನ್ನು ಓದುವ ಮನೆಗಳ ಪೈಕಿ ಬಹುತೇಕ ಮನೆಗಳಲ್ಲಿ ಒಬ್ಬರಾದರೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿರಬೇಕು. ಅವರು ತಾವಾಗಿ ಹೇಳುವುದಿಲ್ಲ. ನಮ್ಮ ತಂಗಿಯೂ ಹೇಳಲಿಲ್ಲ. ಗಂಡಸರಾದ ನಾವು ಕೇಳಿದರೆ ಉತ್ತರ ಬಾರದಿದ್ದಲ್ಲಿ, ಕೇಳಬಲ್ಲವರ ಬಳಿಗೆ ಕರೆದೊಯ್ದು, ಹತ್ತು ನಿಮಿಷ ಹೊರಗೆ ಕುಳಿತಿರುವುದನ್ನಾದರೂ ಕಲಿಯೋಣ.